ಖಾಲಿ ಹಿತ್ತಾಳೆಗೆ ಮತ್ತೊಂದು ಜನ್ಮ: ದೂರದ ಬೇಟೆಗೆ ಕೈಯಾರೆ ತೋಟೆ ತುಂಬುವುದು ಹೇಗೆ, ಯಾಕೆ

ಒಂದೇ ಡಬ್ಬಿಯಿಂದ ಎರಡು ತೋಟೆ ತೆಗೆದುಕೊಳ್ಳಿ. ನೋಡೋಕೆ ಎರಡೂ ಒಂದೇ ಥರ. ಮೊದಲನೆಯದರ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 2700 ಅಡಿ ವೇಗದಲ್ಲಿದೆ. ಎರಡನೆಯದು 2650. ನೂರು ಗಜದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇಂಚಿನ ಹತ್ತನೇ ಒಂದು ಭಾಗ ಅಷ್ಟೆ. 500 ಗಜಕ್ಕೆ ಹೋದರೆ ಎರಡನೇ ಗುಂಡು ಹೆಚ್ಚುಕಡಿಮೆ ಮೂರು ಇಂಚು ಕೆಳಗೆ ಬೀಳುತ್ತದೆ. 800 ಗಜಕ್ಕೆ ಎಂಟು ಇಂಚು. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗವೇ ಎಂಟರಿಂದ ಹತ್ತು ಇಂಚು. ಅದೇ ಕೋವಿ, ಅದೇ ಕೈ, ಅದೇ ಗುರಿ. ಆದರೂ ಒಂದು ಗುಂಡಿಗೆ ಪ್ರಾಣಿ ನಿಂತಲ್ಲೇ ಬೀಳುತ್ತದೆ, ಇನ್ನೊಂದಕ್ಕೆ ಮುರಿದ ಕಾಲು ಎಳೆದುಕೊಂಡು ಕಾಡಿಗೆ ಓಡುತ್ತದೆ.

ಅಮೆರಿಕದಲ್ಲಿ ಸಾವಿರಾರು ಬೇಟೆಗಾರರು ರಾತ್ರಿ ಊಟ ಮುಗಿಸಿ ಗ್ಯಾರೇಜಿನ ಮೂಲೆಯಲ್ಲಿ ಕೂತು ಒಂದೊಂದೇ ತೋಟೆ ತುಂಬುವುದು ಈ ಮೂರು ಇಂಚಿಗಾಗಿ. ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಹೊರಗಿನವರು ಇದನ್ನು ಗುಂಡಿಗೆ ಇನ್ನೂ ಜಾಸ್ತಿ ಜೋರು ಕೊಡುವ ಕೆಲಸ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಇಲ್ಲಿ ಬೇಕಾಗಿರುವುದು ಜೋರಲ್ಲ. ಮುಂದಿನ ತೋಟೆ ಹಿಂದಿನದರ ಹಾಗೇ ಇರಬೇಕು, ಅಷ್ಟೇ.

ಮುಂದೆ ಹೋಗುವ ಮೊದಲು ಒಂದು ಮಾತು. ನಾನು ಬರೆಯುತ್ತಿರುವುದು ಅಮೆರಿಕದ ವಿಷಯ. ಅದರಲ್ಲೂ ಕೊಲರಾಡೋ, ವಯೋಮಿಂಗ್ ಕಡೆಯ ಬಯಲು ಮತ್ತು ಬೆಟ್ಟಗಳ ಬೇಟೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, ನಿಜ. ಆದರೆ ಅದು ಕೋವಿಗೆ, ಶಿಕಾರಿಗಲ್ಲ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುರಿ ಇಡಬಹುದು, ಕಡವೆಗೆ ಇಡುವ ಹಾಗಿಲ್ಲ.

ಆದರೆ ಈ ಕೆಲಸದ ಮೂಲ ನಮ್ಮ ಮಲೆನಾಡಿನವರಿಗೆ ಹೊಸದೇನಲ್ಲ. ಹಳೇ ಕೇಪಿನ ಕೋವಿಯಲ್ಲಿ ಪ್ರತಿ ಈಡೂ ಕೈಯಲ್ಲೇ ತುಂಬಿದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಸಲಾಕೆಯಲ್ಲಿ ಜಡಿದು, ಗುಂಡೋ ಚರೆಯೋ ಹಾಕಿ, ಕೊನೆಗೆ ಕೇಪು ಸಿಕ್ಕಿಸಬೇಕು. ಮದ್ದಿನ ಅಳತೆ ಅಂಗೈಯಲ್ಲಿ. ಮೂವತ್ತು ಮಾರು ದೂರದ ಹಂದಿಗೆ ಅಷ್ಟು ಸಾಕಿತ್ತು. ತೋಟೆ ಅಂದರೆ ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಹಿತ್ತಾಳೆ ಕೊಳವೆಯಲ್ಲಿ ಕೂರಿಸಿದ್ದು. ರೀಲೋಡಿಂಗ್ ಅಂದರೆ ಅದನ್ನು ಬಿಚ್ಚಿ ಮತ್ತೆ ಕೈಯಲ್ಲಿ ತುಂಬುವುದು. ಅಂಗೈ ಅಳತೆಯ ಬದಲು ಚಿನಿವಾರರ ತಕ್ಕಡಿ ಬಂದಿದೆ, ಅಷ್ಟೇ ವ್ಯತ್ಯಾಸ.

ನಾಲ್ಕು ಸಾಮಾನು

ತೋಟೆಯಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸ್, ತಳದಲ್ಲಿ ಪ್ರೈಮರ್, ಒಳಗೆ ಪೌಡರ್, ತುದಿಯಲ್ಲಿ ಬುಲೆಟ್. ಕೋವಿಯ ಸೂಜಿ ಪ್ರೈಮರಿಗೆ ಬಡಿಯುತ್ತದೆ. ಪ್ರೈಮರ್ ಕಿಡಿ ಹಾರಿಸುತ್ತದೆ. ಪೌಡರ್ ಉರಿದು ಗ್ಯಾಸ್ ಆಗುತ್ತದೆ. ಆ ಗ್ಯಾಸ್ ಬುಲೆಟನ್ನು ತಳ್ಳುತ್ತದೆ. ಹೊಡೆದ ಮೇಲೆ ಪೌಡರ್ ಮುಗಿಯಿತು, ಬುಲೆಟ್ ಹೋಯಿತು, ಪ್ರೈಮರ್ ಸತ್ತಿತು. ಉಳಿಯುವುದು ಹಿತ್ತಾಳೆ. ನಾಲ್ಕರಲ್ಲಿ ದುಬಾರಿಯಾದದ್ದು ಕೂಡ ಅದೇ.

ಹಿತ್ತಾಳೆಯೇ ಯಾಕೆ? ಇದರಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈ ಮಿಶ್ರಣಕ್ಕೆ ಒಂದು ಒಳ್ಳೆಯ ಗುಣ ಇದೆ. ಒತ್ತಡ ಬಂದಾಗ ಹಿಗ್ಗಿ ಕೋವಿಯಲ್ಲಿ ತೋಟೆ ಕೂರುವ ಗೂಡಿನ ಗೋಡೆಗೆ ಅಂಟಿಕೊಂಡು ಗ್ಯಾಸ್ ಹಿಂದಕ್ಕೆ ಬರದ ಹಾಗೆ ತಡೆಯುತ್ತದೆ. ಒತ್ತಡ ಇಳಿದ ತಕ್ಷಣ ಸ್ವಲ್ಪ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಎಷ್ಟು ಒತ್ತಡ ಅಂತೀರಾ? .308 ವಿಂಚೆಸ್ಟರ್ ತೋಟೆಗೆ ಅಮೆರಿಕದ ಉದ್ಯಮ ಸಂಸ್ಥೆ ಸಾಮಿ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿ ಇರುವುದು 32. ಹತ್ತಿರ ಹತ್ತಿರ ಎರಡು ಸಾವಿರ ಪಟ್ಟು. ಇದೆಲ್ಲ ನಡೆಯುವುದು ನಿಮ್ಮ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಈ ಒಂದು ಅಂಕಿ ಮರೆಯಬೇಡಿ.

ಇನ್ನು ಪ್ರೈಮರ್. ಇಲ್ಲೊಂದು ತಮಾಷೆ ಇದೆ. 1860ರ ದಶಕದಲ್ಲಿ ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಒಂದು ಬಗೆಯ ಪ್ರೈಮರ್ ಮಾಡಿದ. ಅಮೆರಿಕದ ಹೈರಮ್ ಬರ್ಡಾನ್ ಇನ್ನೊಂದು ಬಗೆ ಮಾಡಿದ. ಇಂಗ್ಲಿಷಿನವನದ್ದು ಅಮೆರಿಕದಲ್ಲಿ ನೆಲೆ ನಿಂತಿತು, ಅಮೆರಿಕದವನದ್ದು ಯೂರೋಪಿನಲ್ಲಿ. ಬಾಕ್ಸರ್ ಬಗೆಯಲ್ಲಿ ಕೇಸಿನ ತಳಕ್ಕೆ ನಡುವೆ ಒಂದೇ ತೂತು. ಮೇಲಿಂದ ಒಂದು ಕಡ್ಡಿ ಇಳಿಸಿ ತಳ್ಳಿದರೆ ಹಳೇ ಪ್ರೈಮರ್ ಟಪ್ ಅಂತ ಉದುರುತ್ತದೆ. ಬರ್ಡಾನ್ ಬಗೆಯಲ್ಲಿ ಪಕ್ಕಕ್ಕೆ ಎರಡು ಸಣ್ಣ ತೂತು. ಅದರಲ್ಲಿ ಕಡ್ಡಿ ಇಳಿಯುವುದೇ ಇಲ್ಲ. ರೀಲೋಡಿಂಗ್ ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಲು ಈ ನಡುವಿನ ಒಂದು ತೂತೂ ಒಂದು ಕಾರಣ.

ಪೌಡರ್ ಅಂದ ತಕ್ಷಣ ನಮ್ಮ ಕಣ್ಣಿಗೆ ಕಪ್ಪು ಮದ್ದು ಬರುತ್ತದೆ. ಇದು ಅದಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ನೈಟ್ರೋಸೆಲ್ಯುಲೋಸಿನಿಂದ ಹೊಗೆ ಕಡಿಮೆ ಇರುವ ಪುಡಿ ಮಾಡಿದ. ಎರಡೇ ವರ್ಷದಲ್ಲಿ ಫ್ರೆಂಚ್ ಸೇನೆ ಅದಕ್ಕಾಗಿಯೇ ಲೆಬೆಲ್ ಕೋವಿ ತಂದಿತು. ಇವತ್ತಿನ ಕೋವಿ ಪೌಡರುಗಳೆಲ್ಲ ಆ ವಂಶದವೇ. ತೆರೆದ ತಟ್ಟೆಯಲ್ಲಿ ಹಚ್ಚಿದರೆ ಇದು ಸಿಡಿಯುವುದಿಲ್ಲ, ಭರ್ರನೆ ಉರಿಯುತ್ತದೆ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಅದಕ್ಕೇ ಸ್ವಲ್ಪ ಜಾಸ್ತಿ ಪೌಡರ್ ಅಂದರೆ ಸ್ವಲ್ಪ ಜಾಸ್ತಿ ಒತ್ತಡ ಅಲ್ಲ. ಲೆಕ್ಕ ಅಷ್ಟು ನೇರ ಇಲ್ಲ. ಸಣ್ಣ ಹರಳು ಬೇಗ ಉರಿಯುತ್ತದೆ, ಲೇಪ ಹಚ್ಚಿದ ದಪ್ಪ ಹರಳು ನಿಧಾನ. ಪಿಸ್ತೂಲಿಗೆ ಬೇಗ ಉರಿಯುವುದು ಬೇಕು, ಉದ್ದ ನಳಿಗೆಯ ಕೋವಿಗೆ ನಿಧಾನದ್ದು. ಕೋವಿ ತೋಟೆಗೆ ಪಿಸ್ತೂಲಿನ ಪೌಡರ್ ಹಾಕಿದರೆ ಕೋವಿ ಬಾಂಬ್ ಆಗುತ್ತದೆ.

ಬೆಂಚಿನ ಮೇಲೆ

ಹೊಡೆದ ಹಿತ್ತಾಳೆ ಹಿಗ್ಗಿರುತ್ತದೆ. ಅದರ ಕತ್ತು ಅಗಲವಾಗಿರುತ್ತದೆ, ಹೊಸ ಬುಲೆಟ್ ಹಿಡಿಯುವುದಿಲ್ಲ. ಮೊದಲ ಕೆಲಸ ಅದನ್ನು ಮತ್ತೆ ಅಳತೆಗೆ ತರುವುದು. ಗಟ್ಟಿ ಉಕ್ಕಿನ ಅಚ್ಚು ಇರುತ್ತದೆ, ಅದಕ್ಕೆ ಡೈ ಅನ್ನುತ್ತಾರೆ. ಲಿವರ್ ಇರುವ ಪ್ರೆಸ್ಸಿಗೆ ಡೈ ತಿರುಗಿಸಿ ಕೂರಿಸಿ, ಕೇಸನ್ನು ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ಕಬ್ಬಿನ ಗಾಣದಷ್ಟು ಬಲ ಬೇಡ, ಆದರೂ ತೋಳಿಗೆ ಗೊತ್ತಾಗುತ್ತದೆ. ಅದೇ ಏಟಿಗೆ ಹಳೇ ಪ್ರೈಮರೂ ಉದುರುತ್ತದೆ.

ಒತ್ತುವ ಮೊದಲು ಕೇಸಿಗೆ ಸ್ವಲ್ಪ ಜಾರುಮೇಣ ಸವರಬೇಕು. ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಾನೂ ಓದಿದ್ದೆ. ಮೂವತ್ತು ಕೇಸ್ ಮುಗಿಸಿ ಮೂವತ್ತೊಂದನೆಯದಕ್ಕೆ ಸವರುವುದು ಮರೆತೆ. ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಬಲವಾಗಿ ಎಳೆದೆ. ತಳದ ಅಂಚು ಕಿತ್ತುಕೊಂಡು ಬಂತು, ಕೇಸ್ ಮಾತ್ರ ಅಚ್ಚಿನೊಳಗೇ ಕೂತಿತು. ಡ್ರಿಲ್ಲಿನಲ್ಲಿ ತೂತು ಕೊರೆದು, ತಿರುಪಿನ ಮರೆ ಹಾಕಿ, ಬೋಲ್ಟ್ ತಿರುಗಿಸಿ ಎಳೆಯುವ ಹೊತ್ತಿಗೆ ಅರ್ಧ ರಾತ್ರಿ. ರೀಲೋಡಿಂಗ್ ಮಾಡುವವರಲ್ಲಿ ಒಮ್ಮೆಯೂ ಕೇಸ್ ಸಿಕ್ಕಿಸಿಕೊಳ್ಳದವರು ಯಾರಾದರೂ ಇದ್ದರೆ ಅವರು ಇನ್ನೂ ಶುರು ಮಾಡಿಲ್ಲ ಅಂತ ಅರ್ಥ.

ಇಲ್ಲಿ ಹೊಸಬರು ಮಾಡುವ ಇನ್ನೊಂದು ತಪ್ಪು ಕಣ್ಣಿಗೆ ಕಾಣದ್ದು. ಡೈ ಜೊತೆ ಬರುವ ಚೀಟಿ ನೋಡಿ ಅಚ್ಚನ್ನು ಪೂರ್ತಿ ಕೆಳಗಿಳಿಸಿಬಿಡುತ್ತಾರೆ. ಕೇಸಿನ ಭುಜ, ಅಂದರೆ ಮೈ ಕಿರಿದಾಗಿ ಕತ್ತಾಗುವ ಇಳಿಜಾರು, ಬೇಕಾದದ್ದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಹೊಡೆದಾಗ ಮತ್ತೆ ಮುಂದಕ್ಕೆ ಚಾಚುತ್ತದೆ. ಹೀಗೆ ನಾಲ್ಕೈದು ಸಲ ಹಿಂದೆ ಮುಂದೆ ಆದರೆ ಬುಡದ ಹತ್ತಿರ ಹಿತ್ತಾಳೆ ತೆಳುವಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಒಂದು ದಿನ ಬುಡ ಬೇರೆ, ಮೈ ಬೇರೆ ಆಗುತ್ತದೆ, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಅದಕ್ಕೇ ಅನುಭವ ಇದ್ದವರು ಭುಜವನ್ನು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗದಷ್ಟು ಮಾತ್ರ ತಳ್ಳುತ್ತಾರೆ. ಅಳೆಯಲು ಕ್ಯಾಲಿಪರಿಗೆ ಸಿಕ್ಕಿಸುವ ಒಂದು ಸಣ್ಣ ಗೇಜ್ ಸಿಗುತ್ತದೆ. ನನ್ನ ಮಟ್ಟಿಗೆ ಹೊಸಬರು ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೆ. ಒಳಗೆ ತೆಳುವಾಗಿದೆಯೇ ಅಂತ ನೋಡಲು ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಒಳಗೋಡೆ ಕೆರೆದರೆ ಸಾಕು. ಗುಳಿ ಸಿಕ್ಕಿದರೆ ಆ ಕೇಸ್ ಗುಜರಿಗೆ.

ಉಳಿದ ಕೆಲಸ ಬೇಗ ಹೇಳಿಬಿಡುತ್ತೇನೆ. ಹಿಗ್ಗಿದ ಕೇಸ್ ಉದ್ದವೂ ಆಗಿರುತ್ತದೆ, ಅಳೆದು ಕತ್ತರಿಸಬೇಕು. ಕತ್ತರಿಸಿದ ಅಂಚನ್ನು ನಯ ಮಾಡಬೇಕು. ಹೊಸ ಪ್ರೈಮರ್ ಒತ್ತಿ ಕೂರಿಸಬೇಕು, ತಳಕ್ಕಿಂತ ಕೂದಲೆಳೆ ಒಳಗೆ ಇರಬೇಕು. ನಾಲ್ಕೈದು ಸಲ ಹೊಡೆದ ಮೇಲೆ ಹಿತ್ತಾಳೆಯ ಕತ್ತು ಗಡುಸಾಗುತ್ತದೆ, ಬೆಂಕಿಯಲ್ಲಿ ಕತ್ತನ್ನು ಮಾತ್ರ ಕಾಯಿಸಿ ಮೆದು ಮಾಡುವವರಿದ್ದಾರೆ. ಕಂಚುಗಾರರು ಬಡಿದು ಬಡಿದು ನಡುವೆ ಕಾಯಿಸುವುದಿಲ್ಲವೇ, ಅದೇ ಕಾರಣಕ್ಕೆ. ಬುಡವನ್ನು ಮಾತ್ರ ಎಂದೂ ಕಾಯಿಸಬಾರದು. ಒತ್ತಡ ತಡೆಯುವುದೇ ಅದು.

ಗುಲಗಂಜಿ ತೂಕ

ಪೌಡರನ್ನು ಗ್ರಾಮಿನಲ್ಲಿ ತೂಗುವುದಿಲ್ಲ, ಗ್ರೇನ್ ಲೆಕ್ಕ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಚಿನಿವಾರರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ರೀಲೋಡಿಂಗ್ ತಕ್ಕಡಿ ಗ್ರೇನಿನ ಹತ್ತನೇ ಒಂದು ಭಾಗ ತೋರಿಸುತ್ತದೆ. ಅಂದರೆ ಗುಲಗಂಜಿಯ ಇಪ್ಪತ್ತನೇ ಒಂದು ಪಾಲು. ಫ್ಯಾನ್ ಹಾಕಿದರೆ ಮುಳ್ಳು ಅಲುಗಾಡುತ್ತದೆ. ಪಕ್ಕದಲ್ಲಿ ಮೊಬೈಲ್ ಇಟ್ಟರೆ ಕೆಲವು ಡಿಜಿಟಲ್ ತಕ್ಕಡಿಗಳಿಗೆ ತಲೆ ಕೆಡುತ್ತದೆ.

ಎಷ್ಟು ಗ್ರೇನ್ ಹಾಕಬೇಕು? ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರೇ ಬಾಯಿಮಾತಲ್ಲಿ ಹೇಳಿದರೂ ನಂಬಬೇಡಿ, ನನ್ನನ್ನೂ ಸೇರಿಸಿ. ಹಾರ್ನಡಿ, ಸಿಯೆರಾ, ನಾಸ್ಲರ್, ಲೈಮನ್ ಮುಂತಾದವರು ಲೋಡ್ ಮ್ಯಾನುಯಲ್ ಅಂತ ದಪ್ಪ ಪುಸ್ತಕ ಹಾಕುತ್ತಾರೆ. ಪೌಡರ್ ಕಂಪನಿಗಳೂ ತಮ್ಮ ಅಂಕಿ ಕೊಡುತ್ತವೆ. ಇಂಥ ತೋಟೆ, ಇಂಥ ಬುಲೆಟ್, ಇಂಥ ಪೌಡರಿಗೆ ಶುರುವಿನ ತೂಕ ಇಷ್ಟು, ಮಿತಿ ಇಷ್ಟು ಅಂತ ಕೋಷ್ಟಕ ಇರುತ್ತದೆ. ಕೊನೇಪಕ್ಷ ಎರಡು ಪುಸ್ತಕ ಹೋಲಿಸಿ ನೋಡಬೇಕು. ಶುರುವಿನ ತೂಕದಿಂದಲೇ ಶುರು ಮಾಡಬೇಕು. ಒಬ್ಬನ ಕೋವಿಯಲ್ಲಿ ಸುರಕ್ಷಿತವಾದ ಅಳತೆ ಇನ್ನೊಬ್ಬನ ಕೋವಿಯಲ್ಲಿ ಅಪಾಯ ಆಗಬಹುದು. ಗೂಡಿನ ಅಳತೆ, ಕೇಸಿನ ಗೋಡೆಯ ದಪ್ಪ, ಪ್ರೈಮರ್, ಎಲ್ಲವೂ ಬೇರೆ.

ಹೆಸರಿನ ಗೊಂದಲ ಬೇರೆ ಇದೆ. ಎಚ್4350 ಅಂತ ಒಂದು ಪೌಡರ್, ಐಎಂಆರ್ 4350 ಅಂತ ಇನ್ನೊಂದು. ಅಂಕಿ ಒಂದೇ, ಪುಡಿ ಬೇರೆ. ಒಂದರ ಕೋಷ್ಟಕ ನೋಡಿ ಇನ್ನೊಂದನ್ನು ಸುರಿಯುವ ಹಾಗಿಲ್ಲ. ಹೀಗಾಗಿ ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಕೆಲಸ ಮುಗಿದ ತಕ್ಷಣ ಉಳಿದದ್ದು ಅದೇ ಡಬ್ಬಿಗೆ ವಾಪಸ್. ಹೆಸರಿಲ್ಲದ ಬಾಟಲಿಯಲ್ಲಿ ಪೌಡರ್ ಸಿಕ್ಕಿದರೆ ವಾಸನೆ ನೋಡಿ ಊಹಿಸುವುದು ಬೇಡ, ಹೂಗಿಡದ ಬುಡಕ್ಕೆ ಹಾಕಿ.

ಇಷ್ಟೆಲ್ಲ ಎಚ್ಚರ ಹೇಳಿದ್ದಕ್ಕೆ ಒಂದು ಸಮಾಧಾನವೂ ಇದೆ. ಕೋವಿ ತೋಟೆಯಲ್ಲಿ ಪೌಡರ್ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತದೆ. ಮರೆತು ಎರಡು ಸಲ ಸುರಿದರೆ ಚೆಲ್ಲಿ ಗೊತ್ತಾಗುತ್ತದೆ. ಪಿಸ್ತೂಲ್ ತೋಟೆಯಲ್ಲಿ ಈ ಅನುಕೂಲ ಇಲ್ಲ. ಕಲಿಯಲು ಕೋವಿ ತೋಟೆಯೇ ಒಳ್ಳೆಯದು ಅನ್ನುವುದು ಅದಕ್ಕೇ.

ಈಗ ದೂರದ ಬೇಟೆಗೆ ಬೇಕಾದ ವಿಷಯ. ನೀವು ಶುರುವಿನ ತೂಕದಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೆಲವು ಕೆಲವು ತೋಟೆ ಮಾಡುತ್ತೀರಿ. ರೇಂಜಿಗೆ ಹೋಗಿ ವೇಗ ಅಳೆಯುವ ಯಂತ್ರ, ಅಂದರೆ ಕ್ರೋನೋಗ್ರಾಫ್, ಇಟ್ಟು ಒಂದೊಂದೇ ಹೊಡೆಯುತ್ತೀರಿ. ಪ್ರತಿ ಸಲ ಕೋವಿಯ ಬೋಲ್ಟ್, ಅಂದರೆ ಗೂಡನ್ನು ಹಿಂದಿನಿಂದ ಮುಚ್ಚುವ ಅಗುಳಿ, ಎತ್ತುವಾಗ ಬಿಗಿ ಇದೆಯೇ, ಪ್ರೈಮರ್ ಚಪ್ಪಟೆಯಾಗಿದೆಯೇ, ತಳದಲ್ಲಿ ಹೊಳೆಯುವ ಗುರುತು ಬಿದ್ದಿದೆಯೇ ನೋಡುತ್ತೀರಿ. ಇವು ಒತ್ತಡ ಮಿತಿ ಮೀರಿದ ಗುರುತು. ಕಂಡರೆ ಅಲ್ಲಿಗೇ ನಿಲ್ಲಬೇಕು. ಉಳಿದ ತೋಟೆಗಳನ್ನು ಮನೆಗೆ ತಂದು ಬಿಚ್ಚಬೇಕು. ಇಷ್ಟು ದೂರ ಬಂದಿದ್ದೇನೆ, ಸುಮ್ನೆ ಇನ್ನೊಂದು ಹೊಡೆದು ನೋಡೋಣ ಅನ್ನುವ ಮನಸ್ಸು ಬರುತ್ತದೆ. ಬೇಡ.

ಹುಡುಕುವುದು ಅತಿ ವೇಗದ ತೋಟೆಯನ್ನಲ್ಲ. ಹತ್ತು ಹೊಡೆದರೆ ಹತ್ತೂ ಹತ್ತಿರ ಹತ್ತಿರ ಒಂದೇ ವೇಗ ತೋರಿಸಬೇಕು. ಹತ್ತು ಅಂದದ್ದು ಬೇಕಂತಲೇ. ಮೂರು ಗುಂಡು ಹೊಡೆದು, ಮೂರೂ ಒಂದೇ ತೂತಿನಲ್ಲಿ ಹೋದವು ಅಂತ ಫೋಟೋ ಹಾಕುವವರು ಬಹಳ. ನಾಣ್ಯ ಮೂರು ಸಲ ಚಿಮ್ಮಿ ಮೂರೂ ರಾಜನ ತಲೆ ಬಿದ್ದರೆ ನಾಣ್ಯವೇ ಮೋಸದ್ದು ಅನ್ನುತ್ತೇವೆಯೇ? ಮೂರರಲ್ಲಿ ಅದೃಷ್ಟಕ್ಕೆ ಜಾಗ ಜಾಸ್ತಿ. ಹತ್ತು, ಸಾಧ್ಯವಾದರೆ ಇಪ್ಪತ್ತು ಹೊಡೆದ ಮೇಲೆ ಉಳಿಯುವ ಅಂಕಿಯೇ ನಿಜ.

ಇನ್ನೊಂದು ಅಳತೆ, ಬುಲೆಟ್ ಎಷ್ಟು ಒಳಗೆ ಕೂರಬೇಕು ಅನ್ನುವುದು. ಗುರಿ ಸ್ಪರ್ಧೆಯವರು ಬುಲೆಟನ್ನು ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ತಾಗುವ ಹಾಗೆ ಹೊರಗೆ ಕೂರಿಸುತ್ತಾರೆ. ಬೇಟೆಗೆ ಅದು ತಲೆನೋವು. ಮ್ಯಾಗಜಿನ್‌ನಲ್ಲಿ ಹಿಡಿಯುವುದಿಲ್ಲ. ಸಂಜೆ ತೋಟೆ ವಾಪಸ್ ತೆಗೆಯುವಾಗ ಬುಲೆಟ್ ನಳಿಗೆಯಲ್ಲೇ ಕಚ್ಚಿಕೊಂಡು ಪೌಡರೆಲ್ಲ ಕೋವಿಯೊಳಗೆ ಚೆಲ್ಲಬಹುದು. ಹಿಮದಲ್ಲಿ, ಕೈ ಮರಗಟ್ಟಿದಾಗ ಇದು ಯಾರಿಗೆ ಬೇಕು? ಬೇಟೆಗೆ ತೆಗೆದುಕೊಂಡು ಹೋಗುವ ಪ್ರತಿ ತೋಟೆಯನ್ನೂ ಮೊದಲೇ ರೇಂಜಿನಲ್ಲಿ, ನಳಿಗೆ ಗುರಿಯ ದಿಬ್ಬದ ಕಡೆ ಇಟ್ಟುಕೊಂಡು, ಒಮ್ಮೆ ಗೂಡಿಗೆ ಹಾಕಿ ತೆಗೆದು ನೋಡಬೇಕು.

ಬುಲೆಟ್ ಅಲ್ಲಿ ಹೋಗಿ ಏನು ಮಾಡುತ್ತದೆ

1946ರಲ್ಲಿ ಜಾನ್ ನಾಸ್ಲರ್ ಅನ್ನುವವನು ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋದ. ಎಮ್ಮೆಗಿಂತ ದೊಡ್ಡ ಜಿಂಕೆ ಅದು. ಮೈಗೆಲ್ಲ ಕೆಸರು ಮೆತ್ತಿಕೊಂಡಿತ್ತು. ಅವನ ವೇಗದ ಗುಂಡುಗಳು ಮೇಲ್ಮೈಯಲ್ಲೇ ಒಡೆದು ಚೂರಾದವು, ಒಳಗೆ ಇಳಿಯಲಿಲ್ಲ. ಊರಿಗೆ ಬಂದು ಅವನು ನಡುವೆ ತಾಮ್ರದ ಅಡ್ಡಗೋಡೆ ಇರುವ ಗುಂಡು ಮಾಡಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. 1948ರಿಂದ ಅದನ್ನು ಮಾರತೊಡಗಿದ. ಪಾರ್ಟಿಷನ್ ಅಂತ ಹೆಸರು, ಇವತ್ತಿಗೂ ಸಿಗುತ್ತದೆ.

ದೂರದ ಬೇಟೆಗೆ ತೊಂದರೆ ಇದರ ಉಲ್ಟಾ. ದೂರ ಹೋದಷ್ಟೂ ವೇಗ ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಇಳಿದರೆ ಗುಂಡು ಅರಳುವುದಿಲ್ಲ. ಪೆನ್ಸಿಲ್ ತೂರಿದ ಹಾಗೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಎಷ್ಟೋ ಬೇಟೆ ಬುಲೆಟುಗಳಿಗೆ ಈ ಮಟ್ಟ ಸೆಕೆಂಡಿಗೆ 1800 ಅಡಿಯ ಆಸುಪಾಸು. ಕೆಲವಕ್ಕೆ ಇನ್ನೂ ಕಡಿಮೆ. ಕಂಪನಿಯವರೇ ಹೇಳಿರುತ್ತಾರೆ. ನಿಮ್ಮ ಗುಂಡು ಎಷ್ಟು ಗಜದಲ್ಲಿ ಆ ಮಟ್ಟಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಾಕಿ. ಅದರಾಚೆ ಹೊಡೆಯುವ ಮಾತೇ ಇಲ್ಲ, ಗುರಿ ಎಷ್ಟೇ ಚೆನ್ನಾಗಿರಲಿ. ಕಾಗದಕ್ಕೆ ಹೊಡೆಯುವ ಮ್ಯಾಚ್ ಬುಲೆಟ್ ಗುರಿಗೆ ಚಂದ, ಆದರೆ ಮಾಂಸದಲ್ಲಿ ಅದು ಹೇಗೆ ವರ್ತಿಸುತ್ತದೆ ಅನ್ನುವುದು ಲಾಟರಿ.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಆಯ್ಕೆ ಇನ್ನೂ ಕಡಿಮೆ. ಸೀಸದ ಚೂರಿರುವ ಕಳೇಬರ ತಿಂದು ಕಾಂಡರ್ ರಣಹದ್ದುಗಳು ಸಾಯುತ್ತಿದ್ದವು. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಸೀಸವಿಲ್ಲದ್ದೇ ಬೇಕು, ಹೆಚ್ಚಾಗಿ ಪೂರ್ತಿ ತಾಮ್ರದ್ದು. ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದ ಗುಂಡು ನೆಟ್ಟಗೆ ಹೋಗಲು ನಳಿಗೆ ಅದನ್ನು ಇನ್ನೂ ಬಿರುಸಾಗಿ ಸುತ್ತಿಸಬೇಕು, ಬುಗುರಿಯ ಹಾಗೆ. ಹಳೇ ಕೋವಿಯ ನಳಿಗೆಗೆ ಕೆಲವೊಮ್ಮೆ ಅದು ಆಗುವುದಿಲ್ಲ.

ಹೊಸಬರಿಗೆ ಯಾವ ತೋಟೆ ಅಂತ ಕೇಳಿದರೆ ಬಹಳ ಜನ 6.5 ಕ್ರೀಡ್‌ಮೋರ್ ಅನ್ನುತ್ತಾರೆ. ನನ್ನ ಮಾತೂ ಅದೇ. 2007ರಲ್ಲಿ ಹಾರ್ನಡಿ ತಂದದ್ದು. ಹೊಡೆಯುವವರ ಭುಜಕ್ಕೆ ಬೀಳುವ ಪೆಟ್ಟು ಕಡಿಮೆ, ಹಿತ್ತಾಳೆ, ಬುಲೆಟ್ ಎಲ್ಲ ಕಡೆ ಸಿಗುತ್ತವೆ. ಹೆಸರು ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಹಳೇ ಗುರಿ ಮೈದಾನದ್ದು. 1874ರಲ್ಲಿ ಅಲ್ಲಿ ಅಮೆರಿಕ ಮತ್ತು ಐರ್ಲೆಂಡ್ ತಂಡಗಳು 800, 900, 1000 ಗಜದಲ್ಲಿ ಸ್ಪರ್ಧಿಸಿದವು. ಆಗ ಕಪ್ಪು ಮದ್ದು, ಕೈಯಲ್ಲಿ ತುಂಬಿದ್ದು!

ಬೆಂಚಿನಲ್ಲಿ ಸರಿ ಮಾಡಲಾಗದ್ದು

ಕ್ರೀಡ್‌ಮೋರ್ ಗುಂಡಿಗೆ 500 ಗಜ ಹೋಗಲು ಸುಮಾರು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಆರಡಿ ಕೆಳಗೆ ಬಿದ್ದಿರುತ್ತದೆ. ಹೆದರಬೇಡಿ, ಇದು ಲೆಕ್ಕಕ್ಕೆ ಸಿಗುತ್ತದೆ. ವೇಗ ಗೊತ್ತಿದ್ದರೆ, ಗುಂಡಿನ ಆಕಾರ ಗೊತ್ತಿದ್ದರೆ, ಎತ್ತರ ಮತ್ತು ಚಳಿ ಗೊತ್ತಿದ್ದರೆ ಮೊಬೈಲ್ ಆಪ್ ಹೇಳುತ್ತದೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಗಾಳಿ ತೆಳು, ಗುಂಡು ಕಡಿಮೆ ಬೀಳುತ್ತದೆ. ಚಳಿಯಲ್ಲಿ ಕೆಲವು ಪೌಡರುಗಳು ನಿಧಾನ ಉರಿಯುತ್ತವೆ. ಜುಲೈ ಬಿಸಿಲಲ್ಲಿ ಅಳೆದ ವೇಗ ನವೆಂಬರಿನ ಹಿಮದಲ್ಲಿ ಇರುವುದಿಲ್ಲ. ಎಚ್4350 ಇಷ್ಟು ಜನಪ್ರಿಯ ಆಗಿರುವುದು ಅದು ಬಿಸಿಗೂ ಚಳಿಗೂ ಹೆಚ್ಚು ಬದಲಾಗುವುದಿಲ್ಲ ಅಂತ. ಅಮೆರಿಕದ ಹೆಸರಲ್ಲಿ ಮಾರುವ ಈ ಪೌಡರ್ ತಯಾರಾಗುವುದು ಆಸ್ಟ್ರೇಲಿಯಾದಲ್ಲಿ.

ಗಾಳಿ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಗಂಟೆಗೆ 10 ಮೈಲಿ ಅಡ್ಡಗಾಳಿ 500 ಗಜದಲ್ಲಿ ಈ ಗುಂಡನ್ನು 16-17 ಇಂಚು ಪಕ್ಕಕ್ಕೆ ತಳ್ಳುತ್ತದೆ. ನೀವು ಗಾಳಿಯನ್ನು ಎರಡೇ ಮೈಲಿ ತಪ್ಪು ಊಹಿಸಿದರೂ ಮೂರು ಇಂಚು ಹೋಯಿತು. ಗಮನಿಸಿ, ಮೊದಲು ಹೇಳಿದ 50 ಅಡಿ ವೇಗದ ತಪ್ಪೂ ಮೂರೇ ಇಂಚು. ಅಂದರೆ ತಿಂಗಳುಗಟ್ಟಲೆ ಬೆಂಚಿನಲ್ಲಿ ಕೂತು ನೀವು ಉಳಿಸಿದ ಮೂರು ಇಂಚನ್ನು ಕಣಿವೆಯಿಂದ ಬೀಸಿದ ಒಂದು ಸಣ್ಣ ಗಾಳಿ ತಿಂದುಬಿಡುತ್ತದೆ. ಗಾಳಿ ನಿಮ್ಮ ಹತ್ತಿರ ಒಂದು ಥರ, ಕಣಿವೆಯ ನಡುವೆ ಇನ್ನೊಂದು ಥರ, ಪ್ರಾಣಿಯ ಹತ್ತಿರ ಮತ್ತೊಂದು ಥರ. ಜೊತೆಗೆ ಪ್ರಾಣಿ ಆ ಅರ್ಧ ಸೆಕೆಂಡಿನಲ್ಲಿ ಒಂದು ಹೆಜ್ಜೆ ಇಡಬಹುದು.

1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಯಲ್ಲಿ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಅನ್ನುವ ನಿಲುವಿನದು. ವಿಪರೀತ ದೂರದಿಂದ ಹೊಡೆಯುವುದನ್ನು ಅದು ಒಪ್ಪುವುದಿಲ್ಲ. ಎಷ್ಟು ಗಜ ಅಂದರೆ ವಿಪರೀತ ಅಂತ ಎಲ್ಲರಿಗೂ ಒಂದೇ ಅಂಕಿ ಹೇಳಲು ಬರುವುದಿಲ್ಲ. ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ. ತಣ್ಣಗಿನ ನಳಿಗೆಯಿಂದ, ನೆಲದ ಮೇಲೆ ಮಲಗಿ, ಮೊದಲನೇ ಗುಂಡನ್ನೇ ಎಂಟು ಇಂಚಿನ ತಟ್ಟೆಗೆ ಎಷ್ಟು ದೂರದಿಂದ ತಪ್ಪದೆ ಹೊಡೆಯುತ್ತೇನೋ ಅದು ನನ್ನ ಮಿತಿ. ಗಾಳಿ ಇದ್ದ ದಿನ ಅದರಲ್ಲಿ ಅರ್ಧ. ಬೇಟೆಯಲ್ಲಿ ಎರಡನೇ ಗುಂಡು ಹೊಡೆದು ಸರಿ ಮಾಡಿಕೊಳ್ಳೋಣ ಅನ್ನುವುದಿಲ್ಲ ಅಲ್ವಾ.

ದುಡ್ಡು, ಕಾನೂನು

ದುಡ್ಡು ಉಳಿಯುತ್ತದೆಯೇ? ಒಂದೊಂದು ತೋಟೆ ಲೆಕ್ಕ ಹಾಕಿದರೆ ಉಳಿಯುತ್ತದೆ. ಪ್ರೆಸ್, ಡೈ, ತಕ್ಕಡಿ, ಕ್ಯಾಲಿಪರ್, ಕ್ರೋನೋಗ್ರಾಫ್ ಸೇರಿಸಿದರೆ ಇಲ್ಲ. ಉಳಿದ ದುಡ್ಡಲ್ಲಿ ಜಾಸ್ತಿ ಹೊಡೆಯುತ್ತೀರಿ, ಅಲ್ಲಿಗೆ ಸರಿಹೋಯಿತು. ವರ್ಷಕ್ಕೆ ಇಪ್ಪತ್ತು ತೋಟೆ ಖರ್ಚು ಮಾಡುವವರು ಅಂಗಡಿಯದ್ದೇ ಕೊಳ್ಳಲಿ. ಈಗಿನ ಅಂಗಡಿ ತೋಟೆಗಳು ಬಹಳ ಚೆನ್ನಾಗಿವೆ.

ಅಮೆರಿಕದಲ್ಲಿ ಸ್ವಂತಕ್ಕೆ ತೋಟೆ ತುಂಬಲು ಕೇಂದ್ರದ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಬೇಕು. ನಮ್ಮವರು ಗಮನಿಸಬೇಕಾದ್ದು ಬೇರೆ ಇದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ, ಮದ್ದುಗುಂಡು ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆ ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡು ಅಂದರೆ ತಯಾರಾದ ತೋಟೆ ಮಾತ್ರ ಅಲ್ಲ. ಪ್ರೈಮರ್, ಪೌಡರ್, ಬುಲೆಟ್, ಖಾಲಿ ಕೇಸ್ ಕೂಡ ಅದೇ. ಗೆಳೆಯನ ಮನೆಯ ಹಳೇ ಹಿತ್ತಾಳೆ ಜೇಬಿಗೆ ಹಾಕಿಕೊಳ್ಳುವ ಮೊದಲು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ.

ಮನೆಯಲ್ಲಿ ಇಡುವುದಕ್ಕೂ ಅಗ್ನಿ ಸುರಕ್ಷತೆಯ ನಿಯಮ ಇದೆ. ರಾಷ್ಟ್ರೀಯ ಮಾನದಂಡದಲ್ಲಿ ಪೌಡರ್ 20 ಪೌಂಡ್ ತನಕ ಮೂಲ ಡಬ್ಬಿಯಲ್ಲೇ, ಪ್ರೈಮರ್ 10,000 ತನಕ. ನಗರ, ರಾಜ್ಯದ ನಿಯಮ ಇದಕ್ಕಿಂತ ಬಿಗಿ ಇರಬಹುದು. ಪೌಡರನ್ನು ಗಾಳಿ ಆಡದ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡಬಾರದು. ಬೆಂಕಿ ಬಿದ್ದರೆ ಬೀರು ಸಿಡಿಯುತ್ತದೆ. ಮರದ ಪೆಟ್ಟಿಗೆ ಲೇಸು. ಪ್ರೈಮರ್ ಬೇರೆ ಜಾಗದಲ್ಲಿ. ಮಕ್ಕಳ ಕೈಗೆ ಯಾವುದೂ ಸಿಗಬಾರದು. ಹೊಡೆದ ಕೇಸಿನ ಮಸಿಯಲ್ಲಿ ಸೀಸ ಇರುತ್ತದೆ. ಕೈ ತೊಳೆಯದೆ ಚಕ್ಕುಲಿ ತಿನ್ನಬೇಡಿ.

ನಾನು ಮೊದಲನೇ ಸಲ ಸ್ವಂತ ತೋಟೆ ಹಿಡಿದು ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೋದ ವರ್ಷ ನನ್ನ ಪುಸ್ತಕದಲ್ಲಿ 500 ಗಜದ ತನಕ ಎಲ್ಲ ಅಂಕಿ ಬರೆದಿತ್ತು. ಹತ್ತು ಗುಂಡಿನ ವೇಗ, ಚಳಿಯ ಲೆಕ್ಕ, ಎತ್ತರದ ಲೆಕ್ಕ. ಐದು ದಿನ ಏನೂ ಕಾಣಲಿಲ್ಲ. ಆರನೇ ದಿನ ಬೆಳಿಗ್ಗೆ ಪೈನ್ ಮರಗಳ ಸಂದಿಯಿಂದ ಒಂದು ಹೆಣ್ಣು ಎಲ್ಕ್ ಹೊರಗೆ ಬಂತು. ದೂರ ಅಳೆಯುವ ರೇಂಜ್‌ಫೈಂಡರ್ 140 ಗಜ ಅಂದಿತು. ಅಂಗಡಿ ತೋಟೆಯೂ ಆಗುತ್ತಿತ್ತು. ಖಾಲಿ ಹಿತ್ತಾಳೆ ಹಿಮದಲ್ಲಿ ಬಿದ್ದು ಚುಂಯ್ ಅಂದಿತು. ಹೆಕ್ಕಿ, ಒರೆಸಿ, ಜೇಬಿಗೆ ಹಾಕಿಕೊಂಡೆ. ಆ ಕೇಸಿಗೆ ಅದು ನಾಲ್ಕನೇ ಸಲ. ಕತ್ತು ಕಾಯಿಸುವ ಹೊತ್ತು ಬಂದಿತ್ತು.